ರೋಗಿ ವಿಮಾನದಲ್ಲಿರುವಾಗ ಹೊಣೆ ಯಾರದು?

ಓದುಗರ ಕಾನೂನು ಪ್ರಶ್ನೆಗಳಿಗೆ ವಕೀಲರ ಉತ್ತರ

ಏರ್ ಆಂಬ್ಯುಲೆನ್ಸ್ ಸೇವೆಯ ಬಗ್ಗೆ ಕೆಲವು ತಿಂಗಳುಗಳಿಂದ ಬಂದ ಪತ್ರಗಳಿಗೆ ಈ ಸಂಚಿಕೆಯಲ್ಲಿ ಒಟ್ಟಾಗಿ ಉತ್ತರಿಸಿದ್ದೇನೆ. ಬರೆದವರ ಹೆಸರನ್ನಾಗಲಿ, ಅವರು ದೂರಿರುವ ಆಸ್ಪತ್ರೆ ಮತ್ತು ಕಂಪನಿಗಳ ಹೆಸರನ್ನಾಗಲಿ ಕೊಟ್ಟಿಲ್ಲ.

ಪ್ರಶ್ನೆ: ನಮ್ಮ ತಂದೆಯವರಿಗೆ ಮೆದುಳಿನಲ್ಲಿ ರಕ್ತಸ್ರಾವವಾದಾಗ ಕಲಬುರಗಿಯಿಂದ ಬೆಂಗಳೂರಿಗೆ ಏರ್ ಆಂಬ್ಯುಲೆನ್ಸ್‌ನಲ್ಲಿ ಕರೆದೊಯ್ದೆವು. ಅಂತರ್ಜಾಲದಲ್ಲಿ ಸಿಕ್ಕ ಒಂದು ಸಂಸ್ಥೆಗೆ ಫೋನ್ ಮಾಡಿ, ಪೂರ್ತಿ ಹಣವನ್ನು ಮುಂಗಡವಾಗಿ ಕಟ್ಟಿದ್ದೆವು. ತೀವ್ರ ನಿಗಾ ಘಟಕದ ತಜ್ಞ ವೈದ್ಯರು ಬರುತ್ತಾರೆ ಎಂದಿದ್ದರು. ಬಂದವರು ಒಬ್ಬ ತಂತ್ರಜ್ಞರು ಮಾತ್ರ. ವಿಮಾನ ಮೂರು ಗಂಟೆ ತಡವಾಯಿತು, ದಾರಿಯಲ್ಲಿ ಆಮ್ಲಜನಕ ಸಾಲದಾಯಿತು. ಎರಡು ದಿನಗಳ ನಂತರ ತಂದೆ ತೀರಿಕೊಂಡರು. ಕೇಳಿದರೆ ಆ ಸಂಸ್ಥೆಯವರು ‘ನಾವು ವ್ಯವಸ್ಥೆ ಮಾಡಿಕೊಡುವವರಷ್ಟೇ, ವಿಮಾನ ಬೇರೆಯವರದು’ ಎನ್ನುತ್ತಾರೆ. ನಾವು ಯಾರನ್ನು ಹೊಣೆ ಮಾಡಬೇಕು? (ಓದುಗರೊಬ್ಬರು, ಕಲಬುರಗಿ)

ಉತ್ತರ: ನಿಮ್ಮ ಪತ್ರದಲ್ಲಿರುವ ದೂರು ನಾನು ಅತಿ ಹೆಚ್ಚು ಸಲ ಕೇಳಿರುವ ದೂರು. ಏರ್ ಆಂಬ್ಯುಲೆನ್ಸ್ ಎಂದು ನಾವು ಒಂದೇ ಹೆಸರಿನಿಂದ ಕರೆಯುವ ಸೇವೆಯ ಹಿಂದೆ ಸಾಮಾನ್ಯವಾಗಿ ನಾಲ್ಕೈದು ಕೈಗಳಿರುತ್ತವೆ. ಹಣ ಪಡೆಯುವ ಮಧ್ಯವರ್ತಿ ಒಬ್ಬರು, ವಿಮಾನ ಹಾರಿಸುವ ನಿರ್ವಾಹಕರು ಮತ್ತೊಬ್ಬರು, ವೈದ್ಯಕೀಯ ತಂಡವನ್ನು ಒದಗಿಸುವವರು ಇನ್ನೊಬ್ಬರು, ಎರಡೂ ಕಡೆ ನೆಲದ ಮೇಲಿನ ಆಂಬ್ಯುಲೆನ್ಸ್ ಬೇರೆಯವರದು. ಎಲ್ಲವೂ ಸರಿಯಾಗಿ ನಡೆದಾಗ ಈ ವಿಂಗಡಣೆ ರೋಗಿಯ ಕಡೆಯವರಿಗೆ ಕಾಣುವುದೇ ಇಲ್ಲ. ಏನಾದರೂ ಕೆಟ್ಟಾಗ ಮಾತ್ರ ಪ್ರತಿಯೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಕಾನೂನು ಆ ಬೆರಳನ್ನು ಹಿಂಬಾಲಿಸಿಕೊಂಡು ಅಲೆಯುವ ಸ್ಥಿತಿಯಲ್ಲಿ ನಿಮ್ಮನ್ನು ಬಿಟ್ಟಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳಿ.

ವಿಮಾನದಲ್ಲಿ ಪ್ರಯಾಣಿಕರನ್ನು ಸಾಗಿಸುವವರ ಹೊಣೆಯನ್ನು ನಮ್ಮ ದೇಶದಲ್ಲಿ 1972ರ ಕ್ಯಾರೇಜ್ ಬೈ ಏರ್ ಕಾಯ್ದೆ ನಿರ್ಧರಿಸುತ್ತದೆ. ವಿಮಾನ ಸಂಸ್ಥೆಗಳ ಹೊಣೆಯನ್ನು ಕುರಿತ 1999ರ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದಕ್ಕೆ ಭಾರತ 2009ರಲ್ಲಿ ಸೇರಿದ ಮೇಲೆ ಆ ಒಪ್ಪಂದವು ಕಾಯ್ದೆಯ ಮೂರನೆಯ ಅನುಸೂಚಿಯಾಯಿತು. 2014ರಲ್ಲಿ ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ಅದರ ನಿಯಮಗಳನ್ನು ಕೆಲವು ಮಾರ್ಪಾಡುಗಳೊಂದಿಗೆ ದೇಶದೊಳಗಿನ ಹಾರಾಟಗಳಿಗೂ ಅನ್ವಯಿಸಿತು. ಈ ನಿಯಮಗಳ ಪ್ರಕಾರ, ತನ್ನ ಹೆಸರಿನಲ್ಲಿ ನಿಮ್ಮೊಂದಿಗೆ ಕರಾರು ಮಾಡಿಕೊಂಡು ಹಣ ಪಡೆದವನು ‘ಕರಾರಿನ ವಾಹಕ’. ಅವನ ಪರವಾಗಿ ನಿಜವಾಗಿ ವಿಮಾನ ಹಾರಿಸಿದವನು ‘ವಾಸ್ತವ ವಾಹಕ’. ನೊಂದವರು ಇಬ್ಬರಲ್ಲಿ ಯಾರ ಮೇಲಾದರೂ ಅಥವಾ ಇಬ್ಬರ ಮೇಲೂ ಒಟ್ಟಿಗೆ ದಾವೆ ಹೂಡಬಹುದು. ಆದ್ದರಿಂದ ನಿಮ್ಮ ರಸೀದಿ ಯಾರ ಹೆಸರಿನಲ್ಲಿದೆ, ಬೆಲೆ ನಿಗದಿ ಮಾಡಿದವರು ಯಾರು, ‘ನಮ್ಮ ವಿಮಾನ, ನಮ್ಮ ವೈದ್ಯರು’ ಎಂದು ಸಂದೇಶ ಕಳುಹಿಸಿದವರು ಯಾರು ಎಂಬುದೇ ಮುಖ್ಯವಾಗುತ್ತದೆ. ಮಧ್ಯವರ್ತಿಯು ತಾನು ಇಂಥ ನಿರ್ವಾಹಕರ ಏಜೆಂಟ್ ಎಂದು ಮೊದಲೇ ಹೆಸರು ಹೇಳಿ ವ್ಯವಹರಿಸಿದ್ದರೆ ಅವನ ವಾದಕ್ಕೆ ಸ್ವಲ್ಪ ಬಲ ಬಂದೀತು. ನಿರ್ವಾಹಕರ ಹೆಸರನ್ನೇ ತಿಳಿಸದೆ ಪೂರ್ತಿ ಹಣ ಪಡೆದಿದ್ದರೆ ಆ ವಾದ ನಿಲ್ಲುವುದು ಕಷ್ಟ. ಕರಾರಿನ ಮೂಲೆಯಲ್ಲೆಲ್ಲೋ ಸಣ್ಣ ಅಕ್ಷರದಲ್ಲಿ ‘ಯಾವುದೇ ಹೊಣೆ ನಮ್ಮದಲ್ಲ’ ಎಂದು ಮುದ್ರಿಸಿದ್ದರೂ ಹೆದರಬೇಕಿಲ್ಲ. ವಾಹಕನ ಹೊಣೆಯನ್ನು ಇಲ್ಲವಾಗಿಸುವ ಅಥವಾ ಕಾನೂನು ನಿಗದಿಪಡಿಸಿದ ಮಿತಿಗಿಂತ ಕಡಿಮೆ ಮಾಡುವ ಷರತ್ತು ಅಸಿಂಧು ಎಂದು ಇದೇ ಅನುಸೂಚಿಯ 26ನೇ ನಿಯಮ ಹೇಳುತ್ತದೆ.

ಇಲ್ಲಿ ಒಂದು ತೊಡಕೂ ಇದೆ, ಅದನ್ನು ಮುಚ್ಚಿಡಬಾರದು. ಸಾವು ಅಥವಾ ಗಾಯಕ್ಕೆ ವಾಹಕ ಹೊಣೆಯಾಗಬೇಕಾದರೆ ಅದಕ್ಕೆ ವಿಮಾನದೊಳಗೆ, ಅಥವಾ ಹತ್ತುವಾಗ ಇಳಿಯುವಾಗ ನಡೆದ ಒಂದು ‘ಅಪಘಾತ’ ಕಾರಣವಾಗಿರಬೇಕು. 1985ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಏರ್ ಫ್ರಾನ್ಸ್ ವಿರುದ್ಧ ಸಾಕ್ಸ್ ಪ್ರಕರಣದಲ್ಲಿ ಈ ಪದಕ್ಕೆ ಕೊಟ್ಟ ಅರ್ಥವನ್ನೇ ಹಲವು ದೇಶಗಳ ನ್ಯಾಯಾಲಯಗಳು ಅನುಸರಿಸುತ್ತಾ ಬಂದಿವೆ: ಅದು ಪ್ರಯಾಣಿಕನ ದೇಹದ ಹೊರಗಿನ, ಅನಿರೀಕ್ಷಿತ ಅಥವಾ ಅಸಾಮಾನ್ಯ ಘಟನೆಯಾಗಿರಬೇಕು. ರೋಗ ತನ್ನಷ್ಟಕ್ಕೆ ತಾನೇ ಉಲ್ಬಣಿಸಿದ್ದರೆ ಅದು ಅಪಘಾತವಲ್ಲ. ಆದರೆ ಆಮ್ಲಜನಕದ ಸಿಲಿಂಡರ್ ದಾರಿಯಲ್ಲಿ ಖಾಲಿಯಾಗುವುದು ರೋಗಿಯ ದೇಹದೊಳಗಿನ ಘಟನೆಯಲ್ಲ ಎಂದು ವಾದಿಸಲು ನಿಮಗೆ ಗಟ್ಟಿಯಾದ ಆಧಾರವಿದೆ. ಮೂರು ಗಂಟೆಯ ವಿಳಂಬದ ಪ್ರಶ್ನೆ ಬೇರೆ. ವಿಳಂಬದಿಂದಾದ ನಷ್ಟಕ್ಕೂ ವಾಹಕ ಹೊಣೆ. ಅದನ್ನು ತಪ್ಪಿಸಲು ಸಾಧ್ಯವಿದ್ದ ಕ್ರಮಗಳನ್ನೆಲ್ಲ ಕೈಗೊಂಡಿದ್ದೆ ಎಂದು ಸಾಬೀತುಪಡಿಸುವ ಭಾರವೂ ಅವನದೇ.

ತಜ್ಞ ವೈದ್ಯರನ್ನು ಕಳುಹಿಸುತ್ತೇವೆಂದು ಹೇಳಿ ತಂತ್ರಜ್ಞರನ್ನು ಕಳುಹಿಸಿದ್ದು ಇದಕ್ಕಿಂತ ಸರಳವಾದ ವಿಷಯ. ಹಣ ಪಡೆದು, ಹೇಳಿದ ಸೇವೆಯನ್ನು ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆ. ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ನೀವು ಕಟ್ಟಿದ ಹಣ 50 ಲಕ್ಷ ರೂಪಾಯಿಗಿಂತ ಕಡಿಮೆ ಇರುವುದರಿಂದ ದೂರನ್ನು ಜಿಲ್ಲಾ ಗ್ರಾಹಕ ಆಯೋಗದಲ್ಲಿ ಸಲ್ಲಿಸಬಹುದು. ಈಗಿನ ಕಾಯ್ದೆಯಲ್ಲಿ ದೂರುದಾರರು ವಾಸಿಸುವ ಊರಿನಲ್ಲೇ ದೂರು ಕೊಡಲು ಅವಕಾಶವಿರುವುದರಿಂದ, ಆ ಸಂಸ್ಥೆಯ ಕಚೇರಿ ದೆಹಲಿಯಲ್ಲಿದ್ದರೂ ನೀವು ಕಲಬುರಗಿಯಲ್ಲೇ ಪ್ರಕರಣ ನಡೆಸಬಹುದು. ಮಧ್ಯವರ್ತಿ, ವಿಮಾನ ನಿರ್ವಾಹಕರು, ವೈದ್ಯಕೀಯ ತಂಡ ಒದಗಿಸಿದವರು, ಮೂವರನ್ನೂ ಎದುರುದಾರರನ್ನಾಗಿ ಸೇರಿಸಿ. ಒಬ್ಬರನ್ನು ಬಿಟ್ಟರೂ ಉಳಿದವರು ತಪ್ಪನ್ನು ಗೈರುಹಾಜರಾದವರ ಮೇಲೆ ಹೊರಿಸುತ್ತಾರೆ.

ಕಾಲಮಿತಿಯ ಬಗ್ಗೆ ವಿಶೇಷವಾಗಿ ಎಚ್ಚರಿಸುತ್ತೇನೆ. ಎರಡೂ ಕಾಯ್ದೆಗಳಲ್ಲಿ ಅವಧಿ ಎರಡು ವರ್ಷ. ಗ್ರಾಹಕ ಆಯೋಗವು ಸೂಕ್ತ ಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದು. ಆದರೆ ಕ್ಯಾರೇಜ್ ಬೈ ಏರ್ ಕಾಯ್ದೆಯಲ್ಲಿ ವಿಮಾನ ತಲುಪಿದ ಅಥವಾ ತಲುಪಬೇಕಿದ್ದ ದಿನದಿಂದ ಎರಡು ವರ್ಷ ಕಳೆದರೆ ಪರಿಹಾರ ಕೇಳುವ ಹಕ್ಕೇ ನಂದಿಹೋಗುತ್ತದೆ. ದುಃಖ ಸ್ವಲ್ಪ ತಣಿಯಲಿ ಎಂದು ಕಾಯುತ್ತಾ ಈ ಅವಧಿಯನ್ನು ಕಳೆದುಕೊಂಡ ಕುಟುಂಬಗಳನ್ನು ನಾನು ಕಂಡಿದ್ದೇನೆ.

ನಿಮ್ಮ ತಂದೆಯವರ ಸಾವಿಗೆ ಈ ಲೋಪವೇ ಕಾರಣವೆಂದು ತೋರಿಸುವುದು ಸುಲಭವಲ್ಲ, ಏಕೆಂದರೆ ಅವರ ಸ್ಥಿತಿ ಹೊರಡುವ ಮೊದಲೇ ಗಂಭೀರವಾಗಿತ್ತು. ಅದಕ್ಕಾಗಿ ಕಲಬುರಗಿಯ ಆಸ್ಪತ್ರೆಯಿಂದ ಹೊರಟಾಗಿನ ದಾಖಲೆ ಮತ್ತು ಬೆಂಗಳೂರಿನ ಆಸ್ಪತ್ರೆಗೆ ದಾಖಲಾದಾಗಿನ ರಕ್ತದೊತ್ತಡ, ಆಮ್ಲಜನಕದ ಪ್ರಮಾಣ, ಪ್ರಜ್ಞೆಯ ಮಟ್ಟದ ದಾಖಲೆಗಳನ್ನು ಪಕ್ಕಪಕ್ಕದಲ್ಲಿಟ್ಟು ನರರೋಗ ತಜ್ಞರೊಬ್ಬರಿಂದ ಲಿಖಿತ ಅಭಿಪ್ರಾಯ ಪಡೆಯಿರಿ. ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕೆಂದು 2002ರ ವೈದ್ಯಕೀಯ ವೃತ್ತಿ ನಡವಳಿಕೆಯ ನಿಯಮಗಳಲ್ಲಿದೆ. ವಾಟ್ಸ್‌ಆ್ಯಪ್ ಸಂದೇಶಗಳಿರುವ ಫೋನನ್ನು ಬದಲಾಯಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದೊಂದಿಗೆ ಅವು ಸಾಕ್ಷ್ಯವಾಗುತ್ತವೆ.

ಮುಂದೆ ಇಂಥ ಪರಿಸ್ಥಿತಿಗೆ ಸಿಲುಕುವ ಬೇರೆ ಓದುಗರಿಗಾಗಿ ಇಷ್ಟು ಸೇರಿಸುತ್ತೇನೆ. ಬಾಡಿಗೆಗೆ ರೋಗಿಗಳನ್ನು ಸಾಗಿಸುವ ವಿಮಾನಕ್ಕೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ ಕೊಡುವ ನಿಗದಿತವಲ್ಲದ ಹಾರಾಟದ ಪರವಾನಗಿ ಇರಲೇಬೇಕು. ಖಾಸಗಿ ಬಳಕೆಗೆಂದು ನೋಂದಾಯಿಸಿದ ವಿಮಾನವನ್ನು ಬಾಡಿಗೆಗೆ ಹಾರಿಸುವಂತಿಲ್ಲ. ಪರವಾನಗಿ ಪಡೆದವರ ಪಟ್ಟಿಯನ್ನು ಡಿಜಿಸಿಎ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಹಣ ಕಳುಹಿಸುವ ಮುನ್ನ ನಿರ್ವಾಹಕರ ಹೆಸರು, ವಿಮಾನದ ನೋಂದಣಿ ಸಂಖ್ಯೆ, ಬರುವ ವೈದ್ಯರ ಹೆಸರು ಮತ್ತು ವೈದ್ಯಕೀಯ ಮಂಡಳಿಯ ನೋಂದಣಿ ಸಂಖ್ಯೆಯನ್ನು ಒಂದು ಸಂದೇಶದಲ್ಲಿ ಬರೆಸಿಕೊಳ್ಳಿ. ಐದು ನಿಮಿಷದ ಕೆಲಸವಿದು. ಕೊಡಲು ಹಿಂಜರಿಯುವವರಿಗೆ ಹಣ ಕೊಡಬೇಡಿ.

ಪ್ರಶ್ನೆ: ಹವಾಮಾನ ಸರಿಯಿಲ್ಲವೆಂದು ಪೈಲಟ್ ಹೊರಡಲು ಒಪ್ಪಲಿಲ್ಲ. ಅತ್ತೆಯವರನ್ನು ರಸ್ತೆಯಲ್ಲೇ ಕರೆದೊಯ್ಯಬೇಕಾಯಿತು. ಪೈಲಟ್ ಮೇಲೆ ದೂರು ಕೊಡಬಹುದೇ? ಕಟ್ಟಿದ ಹಣದ ಗತಿಯೇನು? (ಓದುಗರೊಬ್ಬರು, ಬೆಳಗಾವಿ)

ಉತ್ತರ: ಪೈಲಟ್ ಮೇಲೆ ದೂರು ಕೊಡಬೇಡಿ. ಹಾರುವುದೋ ಬೇಡವೋ ಎಂಬ ಅಂತಿಮ ತೀರ್ಮಾನ ವಿಮಾನದ ಕಮಾಂಡರ್‌ಗೆ ಸೇರಿದ್ದು. ರೋಗಿಯ ಸ್ಥಿತಿ ಎಷ್ಟೇ ಗಂಭೀರವಾಗಿದ್ದರೂ ಆ ತೀರ್ಮಾನವನ್ನು ವೈದ್ಯರಾಗಲಿ ಬಂಧುಗಳಾಗಲಿ ಬದಲಿಸುವಂತಿಲ್ಲ. 2011ರ ಮೇ 25ರ ರಾತ್ರಿ ಪಟ್ನಾದಿಂದ ದೆಹಲಿಗೆ ರೋಗಿಯೊಬ್ಬರನ್ನು ಕರೆತರುತ್ತಿದ್ದ ಸಣ್ಣ ವಿಮಾನವು ಕೆಟ್ಟ ಹವಾಮಾನದ ನಡುವೆ ಫರೀದಾಬಾದ್‌ನ ಮನೆಗಳ ಮೇಲೆ ಬಿದ್ದು, ವಿಮಾನದಲ್ಲಿದ್ದ ಏಳೂ ಜನರು ಮತ್ತು ನೆಲದ ಮೇಲಿದ್ದ ಮೂವರು ಸತ್ತರು. 2025ರ ಮೇ ತಿಂಗಳಲ್ಲಿ ಹೃಷಿಕೇಶದ ಏಮ್ಸ್‌ನ ಹೆಲಿಕಾಪ್ಟರ್ ಆಂಬ್ಯುಲೆನ್ಸ್ ಕೇದಾರನಾಥದಲ್ಲಿ ಇಳಿಯುವಾಗ ಅಪಘಾತಕ್ಕೀಡಾಯಿತು; ಒಳಗಿದ್ದವರು ಬದುಕಿದ್ದು ನಮ್ಮೆಲ್ಲರ ಭಾಗ್ಯ. ನಿಮ್ಮ ಪೈಲಟ್ ‘ಇಲ್ಲ’ ಎಂದದ್ದು ನಿಮ್ಮ ಅತ್ತೆಯವರ ಹಿತಕ್ಕಾಗಿಯೇ ಎಂದು ತಿಳಿಯಿರಿ.

ಹಣದ ಪ್ರಶ್ನೆ ಬೇರೆ. ಹಾರಾಟ ಆರಂಭವೇ ಆಗದಿದ್ದಾಗ ಪೂರ್ತಿ ಹಣವನ್ನು ಇಟ್ಟುಕೊಳ್ಳುವುದು ನ್ಯಾಯವಲ್ಲ. ವಿಮಾನವು ಬೇರೆ ಊರಿನಿಂದ ಬೆಳಗಾವಿಗೆ ಖಾಲಿ ಬಂದಿದ್ದರೆ ಆ ಭಾಗದ ವೆಚ್ಚವನ್ನು ಕರಾರಿನಂತೆ ಕಡಿತ ಮಾಡಬಹುದು. ಉಳಿದದ್ದನ್ನು ಲಿಖಿತವಾಗಿ ಕೇಳಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಆಮೇಲೆ ಜಿಲ್ಲಾ ಆಯೋಗಕ್ಕೆ ಹೋಗಿ. ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಅಲ್ಲಿ ಶುಲ್ಕವೇ ಇಲ್ಲ. 10 ಲಕ್ಷದವರೆಗೆ 200 ರೂಪಾಯಿ.

ಪ್ರಶ್ನೆ: ನಾನು ಸಣ್ಣ ನರ್ಸಿಂಗ್ ಹೋಮ್ ನಡೆಸುವ ವೈದ್ಯ. ಗಂಭೀರ ರೋಗಿಗಳನ್ನು ಬಂಧುಗಳ ಒತ್ತಾಯದಿಂದ ವಿಮಾನದಲ್ಲಿ ಕಳುಹಿಸಬೇಕಾಗುತ್ತದೆ. ದಾರಿಯಲ್ಲಿ ಏನಾದರೂ ಆದರೆ ನಾನು ಹೊಣೆಯೇ? ‘ನಮ್ಮದೇ ಜವಾಬ್ದಾರಿ’ ಎಂದು ಬಂಧುಗಳಿಂದ ಮುಚ್ಚಳಿಕೆ ಬರೆಸಿಕೊಂಡರೆ ಸಾಕೇ? (ವೈದ್ಯರೊಬ್ಬರು, ಶಿವಮೊಗ್ಗ)

ಉತ್ತರ: ಸಾಲದು, ಡಾಕ್ಟರೇ. ಮುಚ್ಚಳಿಕೆಯಿಂದ ನಿರ್ಲಕ್ಷ್ಯ ಮುಚ್ಚಿಹೋಗುವುದಿಲ್ಲ. ನಿಮ್ಮನ್ನು ಕಾಯುವುದು ನೀವು ಮಾಡಿದ ಪರೀಕ್ಷೆ ಮತ್ತು ಬರೆದಿಟ್ಟ ಟಿಪ್ಪಣಿ.

ಸುಪ್ರೀಂ ಕೋರ್ಟ್‌ನ 1989ರ ಪರಮಾನಂದ ಕಟಾರಾ ತೀರ್ಪಿನ ಪ್ರಕಾರ ತುರ್ತು ಸ್ಥಿತಿಯ ರೋಗಿಗೆ ಕೈಲಾದ ಚಿಕಿತ್ಸೆಯನ್ನು ಮೊದಲು ಕೊಡುವುದು ಸರ್ಕಾರಿ ಮತ್ತು ಖಾಸಗಿ ವೈದ್ಯರಿಬ್ಬರ ಕರ್ತವ್ಯ. ಆದ್ದರಿಂದ ಸಾಗಿಸುವ ಮುನ್ನ ರೋಗಿಯ ಉಸಿರಾಟ ಮತ್ತು ರಕ್ತದೊತ್ತಡವನ್ನು ಸಾಧ್ಯವಾದಷ್ಟು ಸ್ಥಿರಗೊಳಿಸಿದ್ದು ದಾಖಲೆಯಲ್ಲಿರಬೇಕು. ವಿಮಾನ ಪ್ರಯಾಣಕ್ಕೆ ವಿಶೇಷವಾದ ಅಪಾಯಗಳನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ: ವಿಮಾನದೊಳಗಿನ ಒತ್ತಡವು ಹಾರಾಟದಲ್ಲಿ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನ ಒತ್ತಡಕ್ಕೆ ಇಳಿಯಬಹುದು. ಆಗ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ದೇಹದೊಳಗೆ ಸಿಕ್ಕಿಕೊಂಡ ಗಾಳಿ ಹಿಗ್ಗುತ್ತದೆ. ಎದೆಗೂಡಿನಲ್ಲಿ ಗಾಳಿ ತುಂಬಿಕೊಂಡ ರೋಗಿಯನ್ನು ನಳಿಕೆ ಹಾಕದೆ ಹತ್ತಿಸಿದರೆ, ಕರುಳಿನ ಅಥವಾ ತಲೆಯ ಶಸ್ತ್ರಚಿಕಿತ್ಸೆಯಾದ ತಕ್ಷಣ ಮುನ್ನೆಚ್ಚರಿಕೆಯಿಲ್ಲದೆ ಕಳುಹಿಸಿದರೆ, ಅದನ್ನು ಮುಂಗಾಣಬಹುದಾಗಿದ್ದ ಅಪಾಯವೆಂದೇ ನ್ಯಾಯಾಲಯ ನೋಡುತ್ತದೆ. ಈ ಅಪಾಯಗಳನ್ನು, ರಸ್ತೆಯಲ್ಲಿ ಹೋಗುವ ಅಥವಾ ಇಲ್ಲೇ ಉಳಿಯುವ ಪರ್ಯಾಯಗಳನ್ನು ಬಂಧುಗಳಿಗೆ ಅವರ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪತ್ರ ಪಡೆಯಿರಿ. ಒಪ್ಪಿಗೆ ಎಂದರೆ ತಿಳಿದು ಕೊಟ್ಟ ಒಪ್ಪಿಗೆ ಎಂದು 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಬಂಧುಗಳು ಅವಸರದಲ್ಲಿ ಸಹಿ ಹಾಕಿದ ಖಾಲಿ ಫಾರಂ ಒಪ್ಪಿಗೆಯಾಗುವುದಿಲ್ಲ.

ಎರಡನೆಯದು ಹಸ್ತಾಂತರ. ಸ್ವೀಕರಿಸುವ ಆಸ್ಪತ್ರೆಯ ವೈದ್ಯರೊಂದಿಗೆ ನೀವೇ ಮಾತನಾಡಿ, ಹಾಸಿಗೆ ಮತ್ತು ವೆಂಟಿಲೇಟರ್ ಇದೆಯೆಂದು ಖಚಿತಪಡಿಸಿಕೊಂಡು, ಅವರ ಹೆಸರು ಮತ್ತು ಸಮಯವನ್ನು ಬರೆದಿಡಿ. ವಿಮಾನದ ವೈದ್ಯಕೀಯ ತಂಡವು ರೋಗಿಯನ್ನು ಪರೀಕ್ಷಿಸಿ ಸಹಿ ಹಾಕಿ ಪಡೆದುಕೊಂಡ ಕ್ಷಣದಿಂದ ದಾರಿಯ ಆರೈಕೆಯ ಹೊಣೆ ಅವರದು. ಅದಕ್ಕಿಂತ ಮುಂಚಿನ ತೀರ್ಮಾನದ ಹೊಣೆ ನಿಮ್ಮದು. ಆ ತಂಡದಲ್ಲಿ ಅರ್ಹರಿಲ್ಲವೆಂದು ಕಣ್ಣಾರೆ ಕಂಡೂ ರೋಗಿಯನ್ನು ಒಪ್ಪಿಸಿದರೆ ನೀವೂ ಪಾಲುದಾರರಾಗುತ್ತೀರಿ. ರಸ್ತೆ ಅಪಘಾತ, ವಿಷಪ್ರಾಶನ, ಹಲ್ಲೆಯಂಥ ಪ್ರಕರಣಗಳಲ್ಲಿ ಪೊಲೀಸರಿಗೆ ಮಾಹಿತಿ ಕೊಟ್ಟ ದಾಖಲೆಯ ಪ್ರತಿಯನ್ನು ರೋಗಿಯೊಂದಿಗೇ ಕಳುಹಿಸಿ.

ಕ್ರಿಮಿನಲ್ ಪ್ರಕರಣದ ಭಯ ನಿಮ್ಮ ಪತ್ರದಲ್ಲಿ ಎದ್ದು ಕಾಣುತ್ತದೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಸಾವು ಉಂಟುಮಾಡಿದ್ದಕ್ಕೆ ಐದು ವರ್ಷದವರೆಗೆ, ನೋಂದಾಯಿತ ವೈದ್ಯರು ಚಿಕಿತ್ಸೆಯ ವೇಳೆ ಮಾಡಿದ ನಿರ್ಲಕ್ಷ್ಯಕ್ಕೆ ಎರಡು ವರ್ಷದವರೆಗೆ ಶಿಕ್ಷೆ ಇದೆ. ಆದರೆ ವೈದ್ಯರನ್ನು ಅಪರಾಧಿಯೆನ್ನಲು ನಿರ್ಲಕ್ಷ್ಯವು ಅತಿ ಘೋರವಾಗಿರಬೇಕೆಂದು 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿದೆ. ವಿವೇಕದಿಂದ ಮಾಡಿದ ತೀರ್ಮಾನ ಫಲಿಸಲಿಲ್ಲ ಎಂಬುದಷ್ಟೇ ಅಪರಾಧವಲ್ಲ.

ಪ್ರಶ್ನೆ: ನಮ್ಮ ಆರೋಗ್ಯ ವಿಮೆಯಲ್ಲಿ ಏರ್ ಆಂಬ್ಯುಲೆನ್ಸ್ ವೆಚ್ಚ ಸೇರಿದೆ. ಆದರೂ ‘ವೈದ್ಯಕೀಯ ಅಗತ್ಯವಿರಲಿಲ್ಲ’ ಎಂದು ಕಂಪನಿ ಹಣ ನಿರಾಕರಿಸಿದೆ. (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಪಾಲಿಸಿಯ ಪೂರ್ಣ ಷರತ್ತುಗಳನ್ನು ಓದಿ, ಜಾಹೀರಾತಿನ ಸಾರಾಂಶವನ್ನು ನಂಬಬೇಡಿ. ಸಾಮಾನ್ಯವಾಗಿ ಈ ಸೌಲಭ್ಯಕ್ಕೆ ಪ್ರತ್ಯೇಕ ಮಿತಿ ಇರುತ್ತದೆ, ಪರವಾನಗಿ ಪಡೆದ ನಿರ್ವಾಹಕರದೇ ಬಿಲ್ ಕೇಳುತ್ತಾರೆ, ಗುಣವಾಗಿ ಮನೆಗೆ ಮರಳುವ ಪ್ರಯಾಣಕ್ಕೆ ಹಣ ಸಿಗುವುದಿಲ್ಲ. ಅಗತ್ಯವಿತ್ತೇ ಎಂಬುದನ್ನು ತೀರ್ಮಾನಿಸುವುದು ಕಳುಹಿಸಿದ ವೈದ್ಯರ ಲಿಖಿತ ಪ್ರಮಾಣಪತ್ರ: ಇಲ್ಲಿ ಯಾವ ಚಿಕಿತ್ಸೆ ಲಭ್ಯವಿರಲಿಲ್ಲ, ರಸ್ತೆಯಲ್ಲಿ ಎಷ್ಟು ಹೊತ್ತಾಗುತ್ತಿತ್ತು, ಆ ವಿಳಂಬದಿಂದ ಏನಾಗುತ್ತಿತ್ತು ಎಂಬ ಮೂರು ವಾಕ್ಯಗಳು ಅದರಲ್ಲಿದ್ದರೆ ನಿಮ್ಮ ಪಕ್ಷ ಬಲವಾಗುತ್ತದೆ. ಆಗ ಬರೆಸಿಕೊಂಡಿಲ್ಲವಾದರೆ ಆಸ್ಪತ್ರೆಯ ದಾಖಲೆಯ ಆಧಾರದಲ್ಲಿ ಈಗಲಾದರೂ ಬರೆಸಿಕೊಳ್ಳಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್, ಅಂದರೆ ವಿಮಾ ತಕರಾರುಗಳನ್ನು ಬಗೆಹರಿಸುವ ಅಧಿಕಾರಿಯ ಕಚೇರಿಗೆ ಬರೆಯಿರಿ. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ತಕರಾರುಗಳನ್ನು ಕೇಳುತ್ತಾರೆ.

ವಿಮೆಯೇ ಇಲ್ಲದವರ ಬಗ್ಗೆ ಒಂದು ಮಾತು. ಮಧ್ಯಪ್ರದೇಶವು 2024ರಲ್ಲಿ ‘ಪಿಎಂ ಶ್ರೀ ಏರ್ ಆಂಬ್ಯುಲೆನ್ಸ್’ ಸೇವೆ ಆರಂಭಿಸಿ, ಆಯುಷ್ಮಾನ್ ಕಾರ್ಡ್ ಇರುವವರಿಗೆ ಉಚಿತವಾಗಿ ಒದಗಿಸುತ್ತಿದೆ. ಬೀದರ್, ಕಲಬುರಗಿ, ರಾಯಚೂರಿನ ಬಡವರಿಂದ ಬೆಂಗಳೂರು ಎಷ್ಟು ದೂರವಿದೆ ಎಂಬುದನ್ನು ಬಲ್ಲ ನಾನು, ನಮ್ಮ ರಾಜ್ಯದಲ್ಲೂ ಇಂಥದ್ದನ್ನು ಹಕ್ಕಾಗಿ ಕೇಳಬೇಕೆಂದು ಭಾವಿಸುತ್ತೇನೆ. ಸಕಾಲಕ್ಕೆ ಚಿಕಿತ್ಸೆ ಸಿಗದಿರುವುದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ ಎಂದು 1996ರಲ್ಲಿ ಪಶ್ಚಿಮ ಬಂಗಾಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಆಸ್ಪತ್ರೆಗಳ ಕುರಿತು ಹೇಳಿದ ಮಾತು ಇನ್ನೂ ಜಾರಿಯಲ್ಲಿದೆ.

ಪ್ರಶ್ನೆ: ಮಗ ಕೊಲ್ಲಿ ದೇಶದಲ್ಲಿ ಕೆಲಸದಲ್ಲಿದ್ದಾಗ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಊರಿಗೆ ಕರೆತರಲು ಪ್ರತ್ಯೇಕ ವಿಮಾನದ ಖರ್ಚು ನಮ್ಮಿಂದಾಗದು. (ತಾಯಿಯೊಬ್ಬರು, ಮಂಗಳೂರು)

ಉತ್ತರ: ತಾಯಿ, ರೋಗಿ ಸ್ಥಿರವಾಗಿದ್ದರೆ ಪ್ರತ್ಯೇಕ ವಿಮಾನವೇ ಬೇಕಿಲ್ಲ. ಕೆಲವು ವಿಮಾನ ಸಂಸ್ಥೆಗಳು ಸಾಮಾನ್ಯ ಪ್ರಯಾಣಿಕ ವಿಮಾನದಲ್ಲೇ ಆಸನಗಳನ್ನು ಮಡಚಿ ಸ್ಟ್ರೆಚರ್ ಅಳವಡಿಸಿಕೊಡುತ್ತವೆ. ಅದಕ್ಕೆ ಚಿಕಿತ್ಸೆ ಕೊಡುತ್ತಿರುವ ವೈದ್ಯರು ‘ಮೆಡಿಫ್’ ಎಂಬ ಫಾರಂ ತುಂಬಿಕೊಡಬೇಕು, ಜೊತೆಗೆ ವೈದ್ಯರೋ ನರ್ಸೋ ಬರಬೇಕು, ಕೆಲವು ದಿನ ಮೊದಲೇ ತಿಳಿಸಬೇಕು. ಮಗನ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ (ಕೆಲಸಕ್ಕಾಗಿ ವಿದೇಶಕ್ಕೆ ಹೋಗಲು ವಲಸೆ ಅನುಮತಿ ಬೇಕೆಂಬ) ಮುದ್ರೆ ಇದ್ದರೆ ‘ಪ್ರವಾಸಿ ಭಾರತೀಯ ಬಿಮಾ ಯೋಜನೆ’ ಮಾಡಿಸಿರುತ್ತಾರೆ. ವೈದ್ಯಕೀಯವಾಗಿ ಕೆಲಸಕ್ಕೆ ಅಸಮರ್ಥರಾದವರ ಮರಳುವ ವಿಮಾನ ದರ ಅದರಲ್ಲಿ ಸೇರಿದೆ. ಅದಿಲ್ಲದಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯನ್ನು ಕೇಳಿ, ಸಂಕಷ್ಟದಲ್ಲಿರುವವರಿಗಾಗಿ ಅವರಲ್ಲಿ ‘ಭಾರತೀಯ ಸಮುದಾಯ ಕಲ್ಯಾಣ ನಿಧಿ’ ಇದೆ. ಆರು ಕೊಲ್ಲಿ ರಾಷ್ಟ್ರಗಳೂ ಮಾಂಟ್ರಿಯಲ್ ಒಪ್ಪಂದದ ಸದಸ್ಯರಾಗಿರುವುದರಿಂದ, ಹತ್ತಿಸುವಾಗ ಸ್ಟ್ರೆಚರ್ ಜಾರಿ ಬೀಳುವಂಥ ಅಪಘಾತದಿಂದ ಗಾಯವಾದರೆ 1,51,880 ಎಸ್‌ಡಿಆರ್‌ವರೆಗಿನ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ), ಅಂದರೆ ಸುಮಾರು 2 ಲಕ್ಷ ಅಮೆರಿಕನ್ ಡಾಲರ್‌ವರೆಗಿನ ಸಾಬೀತಾದ ನಷ್ಟಕ್ಕೆ ವಿಮಾನ ಸಂಸ್ಥೆಯ ತಪ್ಪನ್ನು ನೀವು ಸಾಬೀತುಪಡಿಸಬೇಕಾಗಿಲ್ಲ. 2024ರ ಡಿಸೆಂಬರ್ 28ರಿಂದ ಈ ಮಿತಿ ಜಾರಿಯಲ್ಲಿದೆ.

ಪ್ರಶ್ನೆ: ನಮ್ಮ ಅಣ್ಣ ಹಾರಾಟದ ನಡುವೆಯೇ ತೀರಿಕೊಂಡರು. ಮರಣ ಪ್ರಮಾಣಪತ್ರ ಕೊಡಲು ಹೊರಟ ಊರಿನವರೂ ತಲುಪಿದ ಊರಿನವರೂ ಒಪ್ಪುತ್ತಿಲ್ಲ. (ಓದುಗರೊಬ್ಬರು, ಬಳ್ಳಾರಿ)

ಉತ್ತರ: ಇಂಥ ಹೊತ್ತಿನಲ್ಲಿ ಕಚೇರಿಯಿಂದ ಕಚೇರಿಗೆ ನಿಮ್ಮನ್ನು ಅಲೆಸಿದ್ದು ಬೇಸರದ ಸಂಗತಿ, ಏಕೆಂದರೆ ಉತ್ತರ ನಿಯಮದಲ್ಲೇ ಇದೆ. ಜನನ ಮತ್ತು ಮರಣ ನೋಂದಣಿ ನಿಯಮಗಳ ಪ್ರಕಾರ ಚಲಿಸುತ್ತಿರುವ ವಾಹನದಲ್ಲಿ ಸಾವು ಸಂಭವಿಸಿದರೆ, ಆ ವಾಹನ ಮೊದಲು ನಿಂತ ಸ್ಥಳದಲ್ಲಿ ಅದರ ಉಸ್ತುವಾರಿ ಹೊತ್ತವರು ಮಾಹಿತಿ ಕೊಡಬೇಕು. ವಾಹನವೆಂದರೆ ವಿಮಾನವೂ ಸೇರುತ್ತದೆ ಎಂಬ ವಿವರಣೆ ಅಲ್ಲೇ ಇದೆ. ಆದ್ದರಿಂದ ವಿಮಾನ ಇಳಿದ ಊರಿನ ನೋಂದಣಾಧಿಕಾರಿಯೇ ಪ್ರಮಾಣಪತ್ರ ಕೊಡಬೇಕು. ವಿಮಾನದಲ್ಲಿದ್ದ ವೈದ್ಯರ ಟಿಪ್ಪಣಿ ಮತ್ತು ನಿರ್ವಾಹಕರ ಪತ್ರವನ್ನು ಲಗತ್ತಿಸಿ, ಈ ನಿಯಮವನ್ನು ಉಲ್ಲೇಖಿಸಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಮಾಹಿತಿ ಕೊಡಲು ನಿಗದಿಯಾದ ಅವಧಿ 21 ದಿನ. ಅದು ಮೀರಿದ್ದರೂ ವಿಳಂಬ ಶುಲ್ಕದೊಂದಿಗೆ ನೋಂದಾಯಿಸಬಹುದು. ಅರ್ಜಿ ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳಿ, ಜಿಲ್ಲಾ ನೋಂದಣಾಧಿಕಾರಿಗಳಿಗೆ ಮೇಲ್ಮನವಿ ಸಲ್ಲಿಸಿ.